ರಕ್ತ ತೆಗೆದದ್ದು ಯಾವತ್ತು?



ಕಾಪುವಿನಿಂದಲೋ ಕಾರ್ಕಳದಿಂದಲೋ ಬಸ್ಸು ಹಿಡಿದು ಮಣಿಪಾಲಕ್ಕೆ ಬರುವ ಬಸುರಿಯ ಚೀಲದಲ್ಲಿ ತಾಯಿ ಕಾರ್ಡಿನ ಜೊತೆ ಕೆಲವೊಮ್ಮೆ, ಹೊಟ್ಟೆಯ ಮಗುವಿಗೆ ಹಾನಿ ಮಾಡಬಲ್ಲ ಸೋಂಕುಗಳನ್ನು ಹುಡುಕುವ ‘ಟಾರ್ಚ್’ ಪರೀಕ್ಷೆಯ ವರದಿಯೂ ಇರುತ್ತದೆ. ‘ಐಜಿಎಂ ಪಾಸಿಟಿವ್’ ಎಂದು ಅದರಲ್ಲಿ ಅಚ್ಚಾದರೆ ಸಾಕು, ಮಗುವನ್ನು ಉಳಿಸಿಕೊಳ್ಳುವುದೋ ಬೇಡವೋ ಎಂಬ ಚರ್ಚೆ ಮನೆಯಲ್ಲಿ ಶುರುವಾಗುತ್ತದೆ. ಇಂದು ಪದವಿ ಪಡೆದು ಲ್ಯಾಬಿಗೂ ವಾರ್ಡಿಗೂ ಹೊರಟಿರುವ ನಿಮ್ಮೊಡನೆ ಆ ಒಂದು ಕಾಗದದ ಬಗ್ಗೆಯೇ ಮಾತಾಡುತ್ತೇನೆ.

1941ರಲ್ಲಿ ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್, ಕಣ್ಣಿನಲ್ಲಿ ಪೊರೆಯೊಂದಿಗೇ ಹುಟ್ಟಿದ ಕೂಸುಗಳ ತಾಯಂದಿರಿಗೆ ಬಸಿರಿನ ಆರಂಭದಲ್ಲಿ ರುಬೆಲ್ಲಾ ಎಂಬ ದದ್ದಿನ ಜ್ವರ ಬಂದಿತ್ತೆಂದು ಪತ್ತೆಹಚ್ಚಿದರು. ಅದರ ವೈರಾಣುವನ್ನು ಬೇರ್ಪಡಿಸಿದ್ದೇ 1962ರಲ್ಲಿ. ಗ್ರೆಗ್‌ಗೆ ಇದ್ದ ಆಧಾರ ತಾಯಂದಿರ ನೆನಪು ಮಾತ್ರ. ಮೊದಲ 12 ವಾರದೊಳಗೆ ಸೋಂಕು ತಗಲಿದರೆ ಮಗುವಿಗೆ ಹಾನಿಯಾಗುವ ಸಂಭವ ಶೇ. 90ರವರೆಗೂ ಇದೆ, 20 ವಾರ ದಾಟಿದ ಮೇಲೆ ತೀರಾ ವಿರಳ. ಹಾಗಾಗಿ ಸೋಂಕು ಬಂದಿದೆಯೇ ಎಂಬುದಕ್ಕಿಂತ ಯಾವಾಗ ಬಂತು ಎಂಬುದೇ ದೊಡ್ಡ ಪ್ರಶ್ನೆ.

ಹೊಸ ಸೋಂಕಿನಲ್ಲಿ ಮೊದಲು ಮೂಡುವ ಪ್ರತಿಕಾಯವಾದ ಐಜಿಎಂ ಇದಕ್ಕೆ ಒಬ್ಬಂಟಿಯಾಗಿ ಉತ್ತರ ಹೇಳಲಾರದು. ಸೈಟೊಮೆಗಲೊ ವೈರಸ್ ಸೋಂಕಿನಲ್ಲಿ ಅದು ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಪಾರ್ವೊ ವೈರಸ್ ಸೋಂಕಾದವರಲ್ಲೂ ರುಬೆಲ್ಲಾ ಐಜಿಎಂ ಸುಳ್ಳು ಪಾಸಿಟಿವ್ ತೋರಿಸಬಹುದು. ಡೆಂಗಿ ಬಂದವರ ರಕ್ತವನ್ನು ಝಿಕಾ ಪರೀಕ್ಷೆ ತಪ್ಪಾಗಿ ಓದಬಹುದು. ಮಳೆಗಾಲದ ಕರಾವಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಐಜಿಎಂ ಸೋಲುವಲ್ಲಿ ನೆರವಿಗೆ ಬರುವುದು ಐಜಿಜಿ ಅವಿಡಿಟಿ, ಅಂದರೆ ನಂತರ ಮೂಡಿ ಉಳಿಯುವ ಐಜಿಜಿ ಪ್ರತಿಕಾಯದ ಹಿಡಿತದ ಬಿಗಿ. ಹೊಸ ಸೋಂಕಿನ ಐಜಿಜಿ ವೈರಾಣುವನ್ನು ಸಡಿಲವಾಗಿ ಹಿಡಿದಿರುತ್ತದೆ, ಯೂರಿಯಾ ದ್ರಾವಣದಲ್ಲಿ ತೊಳೆದರೆ ಬಿಟ್ಟುಬಿಡುತ್ತದೆ. ಹಳೆಯದು ಪಳಗಿದ ಮೀನುಗಾರ ಹಾಕಿದ ಗಂಟಿನಂತೆ, ಜಗ್ಗುವುದಿಲ್ಲ. ಮೊದಲ 12 ವಾರದಲ್ಲಿ ತೆಗೆದ ರಕ್ತದಲ್ಲಿ ಅವಿಡಿಟಿ ಹೆಚ್ಚಿದ್ದರೆ ಸೋಂಕು ಬಹುಮಟ್ಟಿಗೆ ಬಸಿರಿಗೆ ಮೊದಲಿನದು. ಅದೇ ಫಲಿತಾಂಶ ಏಳನೇ ತಿಂಗಳಲ್ಲಿ ಬಂದರೆ ಬಸಿರಿನ ಆರಂಭದ ಬಗ್ಗೆ ಏನನ್ನೂ ಹೇಳದು. ಎಷ್ಟು ಒಳ್ಳೆಯ ಯಂತ್ರವಿದ್ದರೂ ಅಷ್ಟೇ.

ಐಜಿಜಿ ಸೋಂಕಿನಿಂದಲೇ ಬರಬೇಕೆಂದೂ ಇಲ್ಲ. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 9 ತಿಂಗಳಿಂದ 15 ವರ್ಷದೊಳಗಿನವರಿಗೆ ಹಾಕಿದರು. ನಿಮ್ಮಲ್ಲಿ ಹಲವರು ಶಾಲೆಯ ಸಾಲಿನಲ್ಲಿ ನಿಂತು ಚುಚ್ಚಿಸಿಕೊಂಡವರೇ ಇರಬೇಕು. ಆಗ ಲಸಿಕೆ ಪಡೆದ ಹುಡುಗಿಯರೇ ಈಗ ತಾಯಂದಿರಾಗುತ್ತಿದ್ದಾರೆ. ಅವರ ರಕ್ತದ ರುಬೆಲ್ಲಾ ಐಜಿಜಿ ಲಸಿಕೆಯ ಕೊಡುಗೆಯೂ ಆಗಿರಬಹುದು. ಅದನ್ನು ಕಂಡು ಗಾಬರಿಪಡುವ ವೈದ್ಯರನ್ನು ನಾನು ಅಷ್ಟಾಗಿ ಗೌರವಿಸಲಾರೆ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಜ್ವರ, ದದ್ದು, ಕೊನೆಯ ಮುಟ್ಟು, ರಕ್ತ ತೆಗೆದ ದಿನ, ಇವನ್ನೆಲ್ಲ ಚೀಟಿಯಲ್ಲಿ ಬರೆಯಿರಿ. ಮೊದಲ ಭೇಟಿಯ ಸೀರಂ ಚೆಲ್ಲದೆ ಫ್ರೀಜರಿನಲ್ಲಿಡಿ. ಎರಡು ಮೂರು ವಾರ ಬಿಟ್ಟು ತೆಗೆದ ರಕ್ತವನ್ನು ಅದರ ಜೊತೆಗೇ ಪರೀಕ್ಷಿಸಿ. ಒಂದೇ ಒಂದು ಐಜಿಎಂ ನೋಡಿ ಯಾವ ತಾಯಿಯ ಮುಂದೆಯೂ ಗರ್ಭಪಾತದ ಮಾತೆತ್ತಬೇಡಿ.