ತಾಮ್ರದ ತಗಡು, ಆನೆಯ ಮುದ್ರೆ



ನಂಜನಗೂಡನ್ನು ದಾಟಿ ಬಂದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಲ್ಲಿಂದ ಕೆಳಕ್ಕೆ, ಅದೇ ಟಿ. ನರಸೀಪುರ ತಾಲ್ಲೂಕಿನಲ್ಲಿದೆ ಗಂಗರ ರಾಜಧಾನಿ ತಲಕಾಡು. ಅಲ್ಲಿಗೆ ಹೋದವರು ಮರಳನ್ನೂ ಪಂಚಲಿಂಗಗಳನ್ನೂ ನೋಡಿ ಬರುತ್ತಾರೆ. ಗಂಗರ ಕಾಲದ ಲೋಹದ ಕೆಲಸಗಾರರ ನೆನಪು ಬರುವುದು ಕಡಿಮೆ. ಇಂದು ಅವರ ಮಾತು.

ಗಂಗ ಅರಸರು ದತ್ತಿ ಬಿಟ್ಟಾಗ ಅದನ್ನು ತಾಮ್ರದ ತಗಡಿನ ಮೇಲೆ ಬರೆಸುತ್ತಿದ್ದರು. ಈ ತಾಲ್ಲೂಕಿನ ಕೂಡ್ಲೂರಿನಲ್ಲೇ ಗಂಗ ಅರಸ ಮಾರಸಿಂಹನ ತಾಮ್ರಶಾಸನ ಸಿಕ್ಕಿದೆ. ಅದರ ಕಾಲ ಶಕವರ್ಷ 884, ಅಂದರೆ 962–63.

ಇಂಥ ಶಾಸನವನ್ನು ಕೈಗೆತ್ತಿಕೊಂಡರೆ ಮೊದಲು ತಿಳಿಯುವುದು ಭಾರ. ತಾಮ್ರವನ್ನು ಬಡಿದು ಒಂದೇ ಅಳತೆಯ ತಗಡುಗಳನ್ನು ಮಾಡಬೇಕು. ಒಂದರ ಮೇಲೊಂದು ಉಜ್ಜಿ ಅಕ್ಷರ ಸವೆಯದಿರಲೆಂದು ಎಷ್ಟೋ ತಗಡುಗಳ ಅಂಚನ್ನು ಎತ್ತರಿಸಿರುತ್ತಾರೆ. ಮೊದಲ ತಗಡಿನ ಹೊರಮೈಯನ್ನು ಸಾಮಾನ್ಯವಾಗಿ ಬರಿದೇ ಬಿಡುತ್ತಾರೆ. ಪುಸ್ತಕದ ರಟ್ಟಿನಂತೆ ಅದು ಒಳಗಿನ ಬರಹವನ್ನು ಕಾಯುತ್ತದೆ. ಎಡಬದಿಯ ತೂತಿನಲ್ಲಿ ಬಳೆ ಪೋಣಿಸಿ, ಅದರ ಎರಡು ತುದಿಗಳನ್ನೂ ಗಂಗರ ಲಾಂಛನವಾದ ಆನೆಯ ಮುದ್ರೆಯ ಬುಡದಲ್ಲಿ ಭದ್ರಪಡಿಸುತ್ತಾರೆ. ಇನ್ನು ನಡುವೆ ಒಂದು ಹಾಳೆಯನ್ನು ಸೇರಿಸಬೇಕೆಂದರೆ ಬಳೆಯನ್ನೇ ಕಡಿಯಬೇಕು. ದಾನದ ಭದ್ರತೆ ಇದ್ದದ್ದು ಆ ಕುಶಲಿಯ ಕೈಯಲ್ಲಿ.

ಗಂಗರ ಆಳ್ವಿಕೆಯ ಆರಂಭದ ಕಾಲದಲ್ಲಿ ದೂರದ ಯೂರೋಪಿನಲ್ಲಿ ಫ್ರಾಂಕರ ಅರಸ ಚಿಲ್ಡೆರಿಕ್ ತನ್ನ ಮುದ್ರೆಯನ್ನು ಬೆರಳಲ್ಲೇ ತೊಟ್ಟಿದ್ದ. ಅವನು ತೀರಿಕೊಂಡದ್ದು ಸುಮಾರು 481ರಲ್ಲಿ. 1653ರಲ್ಲಿ ಇಂದಿನ ಬೆಲ್ಜಿಯಂನ ಟೂರ್ನೇಯಲ್ಲಿ ಅವನ ಗೋರಿ ತೆರೆದಾಗ ಹೆಸರು ಕೆತ್ತಿದ ಚಿನ್ನದ ಉಂಗುರ ಸಿಕ್ಕಿತು. ಜೊತೆಗೆ ಚಿನ್ನದ ಪುಟ್ಟ ಮನೆಗಳಲ್ಲಿ ಕೆಂಪು ಗಾರ್ನೆಟ್ ಕೂರಿಸಿದ ಕತ್ತಿಯ ಹಿಡಿಯೂ ಇತ್ತು. ಆ ಕಾಲದ ಫ್ರಾಂಕ್ ಒಡವೆಗಳ ಹರಳುಗಳಲ್ಲಿ ಬಹುಪಾಲು ಭಾರತ, ಶ್ರೀಲಂಕಾ ಕಡೆಯವೆಂದು ರಾಸಾಯನಿಕ ಪರೀಕ್ಷೆಗಳು ತೋರಿಸಿವೆ. ಅಲ್ಲಿನ ಅಕ್ಕಸಾಲಿಗನ ಮುಂದಿದ್ದದ್ದು ನಮ್ಮ ಕಡೆಯ ಕಲ್ಲು. ಆದರೆ ಅದನ್ನು ಕೂರಿಸಿದವನ ಹೆಸರು ನಮಗೆ ಉಳಿದಿಲ್ಲ.

ನಮ್ಮಲ್ಲಿ ಉಳಿದಿದೆ. ಎಷ್ಟೋ ಗಂಗ ಶಾಸನಗಳ ಕೊನೆಯಲ್ಲಿ ಬರೆದವನೆಂದು ವಿಶ್ವಕರ್ಮಾಚಾರ್ಯನ ಹೆಸರಿದೆ. ತಲೆಮಾರುಗಳ ಅಂತರವಿರುವ ಶಾಸನಗಳಲ್ಲೂ ಅದೇ ಹೆಸರು ಬರುವುದರಿಂದ ಅದು ಮನೆತನದ ಬಿರುದೇ ಇರಬೇಕೆಂದು ನನಗೆ ತೋರುತ್ತದೆ. ನಾಗಮಂಗಲ ಸೀಮೆಯ ದೇವರಹಳ್ಳಿ ಶಾಸನ ಗಂಗ ಅರಸ ಶ್ರೀಪುರುಷನ ಕಾಲದ್ದು, 776ರದು. ಅದು ಜಿನಾಲಯಕ್ಕೆ ಕೊಟ್ಟ ದಾನವನ್ನು ಹೇಳಿ ಮುಗಿಸುವುದಿಲ್ಲ. ಆ ಶಾಸನವನ್ನು ಬರೆದವನು ಸಕಲ ಕಲೆಗಳಿಗೆ ಆಧಾರ, ಚಿತ್ರಕಲೆ ಬಲ್ಲವನು ಎಂದು ಹೊಗಳಿ, ಅವನ ಪಾಲಿಗೂ ಭತ್ತ ಬೆಳೆಯುವ ಭೂಮಿಯನ್ನು ಬರೆದುಕೊಟ್ಟಿದೆ.