ಮದರಾಸಿನಲ್ಲಿ ಕಂಡ ಸಿಲ್ವಿಯಾ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಡಹಬ್ಬದ ದಿನ ಆಕಾಶದ ಮಾತೇಕೆ ಎಂದು ತಾವು ಕೇಳಬಹುದು. ನಾವು ನೆಲೆಸಿರುವ ಈ ಚೆನ್ನೈ ನಗರದಿಂದಲೇ 1866ನೆಯ ಇಸವಿ ಮೇ 16ರಂದು ಒಂದು ಕ್ಷುದ್ರಗ್ರಹ ಪತ್ತೆಯಾಯಿತು. ಅದರ ಹೆಸರು ಸಿಲ್ವಿಯಾ.

ಮಂಗಳ ಮತ್ತು ಗುರುಗ್ರಹಗಳ ನಡುವೆ ಸೂರ್ಯನನ್ನು ಸುತ್ತುವ ಇಂಥ ಕಾಯಗಳು ಲಕ್ಷಾಂತರ ಉಂಟು. ಅಂದಿನ ದೂರದರ್ಶಕಕ್ಕೆ ಅವು ನಕ್ಷತ್ರಗಳಂತೆಯೇ ಬರಿಯ ಚುಕ್ಕೆಗಳು. ನುಂಗಂಬಾಕ್ಕದಲ್ಲಿದ್ದ ಮದರಾಸು ವೀಕ್ಷಣಾಲಯದ ಸರ್ಕಾರಿ ಖಗೋಳಜ್ಞ ನಾರ್ಮನ್ ಪಾಗ್ಸನ್ನರು ನಕ್ಷೆಯನ್ನು ಮುಂದಿಟ್ಟುಕೊಂಡು ಕಣ್ಣಿನಿಂದಲೇ ಒಂದೊಂದು ಚುಕ್ಕೆಯನ್ನೂ ಹೋಲಿಸಬೇಕಾಗಿತ್ತು. ನಕ್ಷೆಯಲ್ಲಿಲ್ಲದ ಚುಕ್ಕೆಯೊಂದು ಮರುರಾತ್ರಿ ಸ್ಥಳ ಬದಲಿಸಿದ್ದರೆ ಅದು ನಕ್ಷತ್ರವಲ್ಲ. ಏಷ್ಯಾ ಖಂಡದಿಂದ ಪತ್ತೆಯಾದ ಮೊದಲ ಕ್ಷುದ್ರಗ್ರಹವನ್ನೂ 1861ರಲ್ಲಿ ಅವರೇ ಇಲ್ಲಿಂದ ಕಂಡು, ಅದಕ್ಕೆ ‘ಏಷ್ಯಾ’ ಎಂಬ ಹೆಸರೇ ಬಂದಿತು.

ಸಿಲ್ವಿಯಾ ಕ್ರಮದಲ್ಲಿ 87ನೆಯದು. ಸರಾಸರಿ ಅಡ್ಡಳತೆ ಸುಮಾರು 270 ಕಿಲೋಮೀಟರು, ಆಕಾರ ನೀಳ. ಸೂರ್ಯನನ್ನು ಸುತ್ತಲು ಆರೂವರೆ ವರ್ಷ ಹಿಡಿಯುವ ಈ ಕಾಯ, ತನ್ನ ಸುತ್ತ ತಾನು ತಿರುಗಲು ಐದು ಗಂಟೆಗಿಂತ ತುಸುವೇ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ.

ರೋಮಿನ ಪುರಾಣದಲ್ಲಿ ಸಿಲ್ವಿಯಾ ಎಂಬಾಕೆ ರೋಮ್ಯುಲಸ್, ರೀಮಸ್ ಎಂಬ ಅವಳಿಗಳ ತಾಯಿ. ನಮ್ಮ ಸಿಲ್ವಿಯಾಳಿಗೆ ಮಕ್ಕಳು ದೊರೆತದ್ದು ಬಹು ತಡವಾಗಿ. 2001ರಲ್ಲಿ ಒಂದು ಉಪಗ್ರಹ ಕಂಡಿತು. 2004ರಲ್ಲಿ ಚಿಲಿ ದೇಶದ ದೂರದರ್ಶಕ ತೆಗೆದ ಚಿತ್ರಗಳಲ್ಲಿ ಇನ್ನೊಂದು. ಅವಕ್ಕೆ ಆ ಅವಳಿಗಳ ಹೆಸರನ್ನೇ ಇಟ್ಟರು. ಎರಡು ಉಪಗ್ರಹಗಳುಳ್ಳ ಕ್ಷುದ್ರಗ್ರಹವೊಂದು ಜಗತ್ತಿಗೆ ತಿಳಿದದ್ದು ಅದೇ ಮೊದಲು. ಉಪಗ್ರಹ ಎಷ್ಟು ದೂರದಲ್ಲಿ, ಎಷ್ಟು ಹೊತ್ತಿನಲ್ಲಿ ಸುತ್ತುತ್ತದೆಂದು ತಿಳಿದರೆ ತಾಯಿಯ ತೂಕ ತಿಳಿಯುತ್ತದೆ. ಹಾಗೆ ತೂಗಿದಾಗ ಸಿಲ್ವಿಯಾಳ ಸಾಂದ್ರತೆ ನೀರಿಗಿಂತ ಸ್ವಲ್ಪವೇ ಹೆಚ್ಚೆಂದು ಗೊತ್ತಾಯಿತು. ಅದು ಇಡಿಯ ಬಂಡೆಯಲ್ಲ, ಒಡೆದ ಚೂರುಗಳು ಮತ್ತೆ ಕೂಡಿ ಆದದ್ದೆಂದು 2005ರಲ್ಲಿ ವಿಜ್ಞಾನಿಗಳು ತೀರ್ಮಾನಿಸಿದರು.

ಆ ವೀಕ್ಷಣಾಲಯದ ಕೆಲಸ 1899ರಲ್ಲಿ ಕೊಡೈಕನಾಲಿಗೆ ಹೋಯಿತು. ಅದರ ಇಂದಿನ ವಾರಸುದಾರ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಆದರೆ ಕನ್ನಡದ ನಂಟು ಅದಕ್ಕೂ ಹಳೆಯದು. ಪಾಗ್ಸನ್ನರ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರ್ಯರು, 1874ರ ಶುಕ್ರಸಂಕ್ರಮವನ್ನು ಜನಸಾಮಾನ್ಯರಿಗೆ ತಿಳಿಸಲು ಬರೆದ ಪುಸ್ತಿಕೆ ಕನ್ನಡದಲ್ಲಿಯೂ ಹೊರಬಂದಿತು.

ಮದರಾಸಿನಲ್ಲಿ ಕುಳಿತು ಅಂದು ಅವರು ಆಕಾಶವನ್ನು ಕನ್ನಡಕ್ಕೆ ತಂದರು. ಇಂದು ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವಾಡಿ, ವಿಜ್ಞಾನವೆಂದೊಡನೆ ಬೇರೆ ಭಾಷೆಗೆ ಹೊರಳುತ್ತಾರೆ. ಊಟ ಉಪಚಾರಕ್ಕೆ ಮಾತ್ರ ಉಳಿದ ಭಾಷೆ ಎಷ್ಟು ಕಾಲ ಬಾಳೀತು? ಇಂದು ರಾತ್ರಿ ಮಕ್ಕಳನ್ನು ಮಹಡಿಗೆ ಕರೆದುಕೊಂಡು ಹೋಗಿ, ಸಿಲ್ವಿಯಾಳ ಕಥೆಯನ್ನು ಕನ್ನಡದಲ್ಲಿ ಹೇಳೋಣ.