ಮಾವ, ಅಳಿಯ ಮತ್ತು ‘ನಾನು’

ಕನ್ನಡದಲ್ಲಿ ತಾಯಿಯ ತಮ್ಮನೂ ಮಾವ, ಹೆಂಡತಿಯ ತಂದೆಯೂ ಮಾವ. ತಂದೆಯ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಚಿಕ್ಕಪ್ಪನ ಮಕ್ಕಳು, ದೊಡ್ಡಮ್ಮನ ಮಕ್ಕಳು ಅಣ್ಣತಮ್ಮ, ಅಕ್ಕತಂಗಿಯರಾದರೆ ಸೋದರಮಾವನ, ಸೋದರತ್ತೆಯ ಮಕ್ಕಳು ಹಾಗಲ್ಲ. ಯಾರನ್ನು ಮದುವೆಯಾಗಬಹುದು, ಯಾರನ್ನು ಕೂಡದು ಎಂಬ ಕಟ್ಟಳೆ ಕರೆಯುವ ಮಾತಿನಲ್ಲೇ ಇದೆ. ಮಗು ಮಾತು ಕಲಿಯುತ್ತಲೇ ಅದನ್ನೂ ಕಲಿಯುತ್ತದೆ.

ಅಮೆರಿಕದ ಮಾನವಶಾಸ್ತ್ರಜ್ಞ ಲೂಯಿಸ್ ಹೆನ್ರಿ ಮಾರ್ಗನ್ 1871ರ ತನ್ನ ಗ್ರಂಥದಲ್ಲಿ ತಮಿಳು, ತೆಲುಗು, ಕನ್ನಡಗಳ ನಂಟಿನ ಪದಗಳನ್ನು ಪಟ್ಟಿಮಾಡಿದ. ಅವನ ಪಾಲಿಗೆ ಅವು ರಕ್ತಸಂಬಂಧದ ಹೆಸರುಗಳು. 1953ರಲ್ಲಿ ಫ್ರಾನ್ಸಿನ ಮಾನವಶಾಸ್ತ್ರಜ್ಞ ಲೂಯಿ ದ್ಯುಮೊ ಬೇರೆ ಮಾತು ಹೇಳಿದ: ಸೋದರಮಾವ ಮುಖ್ಯವಾಗಿ ತಂದೆಯ ಭಾವಮೈದುನ, ಬೀಗತನವೂ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತದೆ. ಮದುವೆಯಲ್ಲಿ ಸೋದರಮಾವನಿಗೆ ಸಲ್ಲುವ ಮರ್ಯಾದೆಗೆ ಈ ವಾದ ಒಳ್ಳೆಯ ವಿವರಣೆ. ಆದರೆ ಕಿವಿ ಚುಚ್ಚಿಸುವಾಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವವನೂ ಅವನೇ. ಆ ಅಕ್ಕರೆ ತಾಯಿಯ ಕಡೆಯಿಂದ ಬಂದದ್ದು. ದ್ಯುಮೊನ ಲೆಕ್ಕದಲ್ಲಿ ತಾಯಿ ಬರಿಯ ಕೊಂಡಿಯಾಗಿಬಿಡುತ್ತಾಳೆ.

ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ತಾಯಿಯೇ ಮೂಲ. ಇಲ್ಲಿ ಅಳಿಯನೆಂದರೆ ಸೋದರಿಯ ಮಗ. ಮನೆತನ, ಬಳಿ ಎಂಬ ಕುಲ ಹೆಣ್ಣಿನ ಮೂಲಕ ಸಾಗುತ್ತವೆ; ಆಸ್ತಿಯೂ ಹಾಗೆಯೇ ಸಾಗುತ್ತಿತ್ತು. ಯಜಮಾನಿಕೆ ಬಹುಮಟ್ಟಿಗೆ ಅವಳ ಅಣ್ಣನದೋ ಸೋದರಮಾವನದೋ ಆಗಿತ್ತು. ಈ ಯಜಮಾನ ತನ್ನ ಮಕ್ಕಳಿಗೆ ತಂದೆ, ಆದರೆ ಆ ಮಕ್ಕಳು ಹೆಂಡತಿಯ ಕುಟುಂಬದವರು. ಅವನ ಹೊಣೆ ಸೋದರಿಯ ಮಕ್ಕಳದಾಗಿತ್ತು. ದುಡಿಮೆಯ ಫಲ ಯಾರಿಗೆ ಎಂಬ ಪ್ರಶ್ನೆ ಅವನಿಗೆ ಕಾನೂನಿನದಷ್ಟೇ ಅಲ್ಲ, ತಾನು ಯಾರವನು ಎಂಬುದೂ ಆಗಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಳ್ಳಲು ದಾರಿ ತೆರೆದಾಗ ಆಸ್ತಿಯ ಜೊತೆಗೆ ಈ ‘ತಾನು’ ಕೂಡ ಹಂಚಿಹೋಯಿತು.

‘ತಾನು’ ಎಂಬುದು ಹೀಗೆ ಹಂಚಿಹೋಗಬಲ್ಲದೇ? ಮನುಷ್ಯನು ಒಡೆಯಲಾಗದ ಒಂದು ಘಟಕ ಎಂಬ ಪಶ್ಚಿಮದ ನಂಬಿಕೆಯನ್ನು ಅಮೆರಿಕದ ಮಾನವಶಾಸ್ತ್ರಜ್ಞ ಮೆಕ್‌ಕಿಮ್ ಮ್ಯಾರಿಯಟ್ 1976ರಲ್ಲಿ ಪ್ರಶ್ನಿಸಿದ. ಅನ್ನ, ನೀರು, ಸ್ಪರ್ಶ, ಮಾತುಗಳ ಕೊಡುಕೊಳ್ಳುವಿಕೆಯಲ್ಲಿ ಭಾರತದ ವ್ಯಕ್ತಿ ಸದಾ ಹಂಚಿಕೊಳ್ಳುತ್ತ, ಕೂಡಿಕೊಳ್ಳುತ್ತ ಇರುತ್ತಾನೆ ಎಂದ. ಸೂತಕವೇ ಇದಕ್ಕೆ ನಿದರ್ಶನ: ದೂರದ ಊರಿನಲ್ಲಿ ದಾಯಾದಿ ತೀರಿಕೊಂಡರೂ ಇಲ್ಲಿಯವರ ಮೈಗೆ ಮೈಲಿಗೆ. ಜಾತಿಯ ಬೇಲಿಗೂ ಇದೇ ತರ್ಕ ಆಸರೆ ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಈಗ ನಗರದ ಮನೆಗಳಲ್ಲಿ ಕರೆಯುವ ಮಾತೇ ಬದಲಾಗುತ್ತಿದೆ: ಚಿಕ್ಕಪ್ಪನೂ ಸೋದರಮಾವನೂ ‘ಅಂಕಲ್’. ಹಿಂದೆ ಹೆಂಡತಿಯಾಗಬಹುದಾಗಿದ್ದ ಸೋದರಮಾವನ ಮಗಳು ‘ಕಸಿನ್ ಸಿಸ್ಟರ್’ ಆಗಿದ್ದಾಳೆ. ಒಮ್ಮೆ ತಂಗಿ ಎಂದು ಕರೆದ ಮೇಲೆ ಅವಳನ್ನು ಮದುವೆಯಾಗುವ ಮಾತು ಎಳೆಯರಿಗೆ ಮುಜುಗರ ತರುತ್ತದೆ.